ಔರಂಗಾಬಾದಿನ ಎರಡು ವಾಟಿ ಬಾಸುಂದಿ

ಬಿಸಿ ಬಾಸುಂದಿಯ ಮೇಲೆ ಕೆನೆ ಕಟ್ಟಲು ಹನ್ನೊಂದು ನಿಮಿಷ ಸಾಕು, ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೆ. ಎದುರಿನ ಗೋಡೆಯಲ್ಲಿ ಗಡಿಯಾರವಿತ್ತು, ನೋಡಿಕೊಂಡೇ ಹೇಳುತ್ತಿದ್ದೇನೆ. ಮೊದಲು ವಾಟಿಯ, ಅಂದರೆ ಆ ಪುಟ್ಟ ಬಟ್ಟಲಿನ, ಅಂಚಿನಲ್ಲಿ ಸಣ್ಣ ನೆರಿಗೆ ಬೀಳುತ್ತದೆ. ಆಮೇಲೆ ಅದು ನಡುವಿನ ಕಡೆಗೆ ಹರಡಿ, ತೇಲುತ್ತಿದ್ದ ಚಾರೋಳಿ ಬೀಜಗಳನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ. ನನ್ನ ವಾಟಿಯಲ್ಲಿ ಐದು ಚಾರೋಳಿ ಇದ್ದವು.

ಔರಂಗಾಬಾದಿನ ಒಂದು ಊಟದ ಹೋಟೆಲು, ಭಾನುವಾರ ಮಧ್ಯಾಹ್ನ. ಆರು ಜನ ಆರು ವಾಟಿ ಬಾಸುಂದಿಯ ಮುಂದೆ ಕುಳಿತು, ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿನ್ನುತ್ತಿದ್ದೆವು. ಹೊರಗೆ ಊಟ ಮಾಡುವಾಗ ಸಿಹಿ ತರಿಸಿಕೊಳ್ಳಬೇಕೋ ಬೇಡವೋ ಎಂಬ ವಾದ ಪ್ರವಾಸದ ಮೊದಲ ದಿನದಿಂದ ನಮ್ಮ ಜೊತೆಗೇ ಬಂದಿತ್ತು. ಅದು ಇಂಥ ಜಾಗಕ್ಕೆ ಬಂದು ನಿಲ್ಲುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ನಾಸಿಕ್

ಕಾಕಾ ನನ್ನ ತಂದೆಯ ತಮ್ಮ. ಬ್ಯಾಂಕಿನಲ್ಲಿ ಅಧಿಕಾರಿ, ವರ್ಗವಾಗಿ ನಾಸಿಕ್‌ಗೆ ಬಂದು ನಾಲ್ಕು ವರ್ಷವಾಗಿದೆ. ಎಂ.ಎಸ್ಸಿ. ಫಲಿತಾಂಶ ಬಂದ ಮೇಲೆ, ದೀಪಾವಳಿಗೆ ಮುಂಚೆ, ನಾನು ಕಲಬುರ್ಗಿಯಿಂದ ಅವರ ಮನೆಗೆ ಹೋದೆ. ಓಣಿಯವರಿಗೆ ಹೇಳಿದ ಕಾರಣ ವೇರೂಳದ, ಅಂದರೆ ಎಲ್ಲೋರದ, ಗುಹೆಗಳು. ನಿಜವಾದ ಕಾರಣ ಔರಂಗಾಬಾದಿನಲ್ಲಿದ್ದ ಒಂದು ಮನೆತನ. ಮೂಲತಃ ಬೀದರ ಜಿಲ್ಲೆಯವರು, ನಮ್ಮವರೇ. ಹುಡುಗ ಅಲ್ಲಿ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದ. ನನ್ನ ಚೀಲದಲ್ಲಿ ಒಂದು ಕಾಗದವೂ ಇತ್ತು. ರಾಯಚೂರಿನ ಒಂದು ಕಾಲೇಜು ನನ್ನನ್ನು ರಸಾಯನಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿಯಾಗಿ ನೇಮಿಸಿದ ಆದೇಶ. ದೀಪಾವಳಿ ರಜೆ ಮುಗಿದ ದಿನವೇ ಹಾಜರಾಗಬೇಕಿತ್ತು. ಅಪ್ಪ ಅದನ್ನು ಎರಡು ಸಲ ಓದಿ ಮಡಿಚಿ, "ಮೊದಲ ಔರಂಗಾಬಾದಿಗೆ ಹೋಗಿ ಬಾ. ಇದನ್ನ ಆಮ್ಯಾಲ ನೋಡೂಣು" ಎಂದಿದ್ದರು.

ಹೋದ ಮರುದಿನ ಕಾಕಾ ನಮ್ಮನ್ನು ಹೊರಗೆ ಊಟಕ್ಕೆ ಕರೆದುಕೊಂಡು ಹೋದರು. ಒಂದೊಂದೇ ಪದಾರ್ಥ ಹೇಳಿ ತರಿಸಿಕೊಳ್ಳುವ ಹೋಟೆಲು. ಊಟ ಮುಗಿಯುತ್ತಲೇ ಬಡಿಸುವವನು ಬಂದು "ಗೋಡ್ ಕಾಯ್ ಆಣೂ?" ಎಂದ. ಸಿಹಿ ಏನು ತರಲಿ ಎಂದು. ಕಾಕಿ ತಲೆ ಎತ್ತಿ ಅವನ ಮುಖ ನೋಡಿದರು. ಕಾಕಾ "ಕಾಹೀ ನಕೋ", ಏನೂ ಬೇಡ, ಎಂದು ಅವನನ್ನು ಕಳಿಸಿಬಿಟ್ಟರು.

"ಹೊಟ್ಟಿ ತುಂಬಿದ ಮ್ಯಾಲ ತಿಂದದ್ದು ನಾಲಿಗಿಗೆ ತಿಳಿಯೂದಿಲ್ಲ," ಎಂದರು ನನ್ನ ಕಡೆ ತಿರುಗಿ, ಪಾಠ ಹೇಳುವ ಹಾಗೆ. "ಅದೂ ಅಲ್ಲದ ಇವರು ನಿನ್ನೆ ಮಾಡಿಟ್ಟಿರ್ತಾರ. ಹೋಟೆಲಿನ್ಯಾಗ ಖಾರ ತಿನ್ನಬೇಕು, ಮನ್ಯಾಗ ಸಿಹಿ ತಿನ್ನಬೇಕು."

"ಮನ್ಯಾಗ ಸಿಹಿ ಗಿಡದಾಗ ಬಿಡ್ತದ ಏನ್ರಿ?" ಎಂದರು ಕಾಕಿ. "ಹದಿನೇಳನೇ ವರ್ಷದಿಂದ ಹಾಲ ಕೈಯಾಡಿಸ್ಲಾಕತ್ತೀನಿ. ಬ್ಯಾರೇದವರು ಕೈಯಾಡಿಸಿದ್ದು ಒಂದು ಸಲ ತಿನಬೇಕು ಅಂತ ನನ್ನ ಆಸೆ. ನಾಲ್ಕು ವರ್ಷ ಆತು ಈ ಊರಿಗೆ ಬಂದು."

"ನೀ ಮಾಡಿದಂಗ ಇವರಿಗೆ ಬರೂದಿಲ್ಲ."

"ಹಾಂಗ ಅಂದ್ ಅಂದೇ ನನ್ನ ಒಲಿ ಮುಂದ ಕೂಡ್ಸೀರಿ."

ಇಬ್ಬರ ಮಾತಿನಲ್ಲೂ ಸಿಟ್ಟಿರಲಿಲ್ಲ. ಹಲವು ಸಲ ಆಡಿ ನುಣುಪಾದ ಮಾತುಗಳು. ನಾನು ಪಕ್ಕದ ಮೇಜು ನೋಡುತ್ತಿದ್ದೆ. ಅಲ್ಲಿ ಅರವತ್ತರ ಆಸುಪಾಸಿನ ಮರಾಠಿ ಹೆಂಗಸೊಬ್ಬರು ಒಬ್ಬರೇ ಕುಳಿತಿದ್ದರು. ಅವರ ಮುಂದೆ ಇದ್ದದ್ದು ಒಂದು ವಾಟಿ ಶ್ರೀಖಂಡ ಮಾತ್ರ. ಪೂರಿ ಇಲ್ಲ, ಪಲ್ಯ ಇಲ್ಲ. ಆತುರವಿಲ್ಲದೆ ತಿಂದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, ಕೈಚೀಲ ಎತ್ತಿಕೊಂಡು ಹೋದರು. ಯಾರೂ ಅವರತ್ತ ನೋಡಲಿಲ್ಲ. ಕಲಬುರ್ಗಿಯಲ್ಲಿ ಹೆಂಗಸರಿಗೆ ಹೋಟೆಲಿನಲ್ಲಿ ಪರದೆ ಕಟ್ಟಿದ ಫ್ಯಾಮಿಲಿ ರೂಮು ಇರುತ್ತದೆ. ಅಲ್ಲಿಗೂ ಜೊತೆಯಿಲ್ಲದೆ ಯಾರೂ ಹೋಗುವುದಿಲ್ಲ. ನಾಸಿಕ್‌ನಲ್ಲಿ ನಾನು ಗೋದಾವರಿಯ ಮೆಟ್ಟಿಲುಗಳನ್ನು ನೋಡಿದೆ, ಪಂಚವಟಿಯನ್ನು ನೋಡಿದೆ. ನೆನಪಿನಲ್ಲಿ ಸ್ಪಷ್ಟವಾಗಿ ಉಳಿದದ್ದು ಆ ಹೆಂಗಸು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಹೆಣ್ಣು ನೋಡಲು ಬಂದವರಿಗೆ ಉಪ್ಪಿಟ್ಟೋ ಅವಲಕ್ಕಿಯೋ ಕೊಟ್ಟು ಚಹಾ ಕೊಡುತ್ತಾರೆ. ಸಿಹಿ ಒಳಗೆ ಅಡುಗೆಮನೆಯಲ್ಲಿ ಮುಚ್ಚಿಟ್ಟಿರುತ್ತದೆ. ಮಾತು ಕೂಡಿದರೆ ಮಾತ್ರ ಅದು ಹೊರಗೆ ಬರುತ್ತದೆ. ಎರಡೂ ಕಡೆಯವರು ತಿಂದರೆಂದರೆ ಒಪ್ಪಿಗೆಯಾದ ಹಾಗೆ. ಕೂಡದಿದ್ದರೆ ಬಂದವರು ತಿಳಿಸುತ್ತೇವೆ ಎಂದು ಹೇಳಿ ಏಳುತ್ತಾರೆ. ಮನೆಯವರು ಆ ಸಿಹಿಯನ್ನು ಸಂಜೆ ಹೆಚ್ಚು ಮಾತಿಲ್ಲದೆ ತಾವೇ ತಿನ್ನುತ್ತಾರೆ. ನಾನು ಅಂಥ ಸಿಹಿಯನ್ನು ಎರಡು ಸಲ ತಿಂದಿದ್ದೇನೆ. ಎರಡು ಸಲವೂ ಶಿರಾ.

ಈ ಸಲ ಮನೆ ಇರಲಿಲ್ಲ. ಹುಡುಗಿಯನ್ನು ಹುಡುಗನ ಮನೆಗೆ ಕರೆದುಕೊಂಡು ಹೋಗಿ ತೋರಿಸುವುದು ನಮ್ಮಲ್ಲಿಲ್ಲ. ಹುಡುಗನ ತಾಯಿಗೆ ಮಂಡಿನೋವು, ಅವರು ನಾಸಿಕ್‌ವರೆಗೆ ಬಸ್ಸಿನಲ್ಲಿ ಬರುವಂತಿರಲಿಲ್ಲ. ಔರಂಗಾಬಾದಿನಲ್ಲೇ ಒಂದು ಹೋಟೆಲಿನಲ್ಲಿ ಊಟಕ್ಕೆ ಸೇರುವುದು ಎಂದು ಕಾಗದದಲ್ಲಿ ಗೊತ್ತಾಯಿತು. ಹೋಟೆಲನ್ನು ಆರಿಸಿದ್ದು ಅವರು.

"ಹೋಟೆಲಿನ್ಯಾಗ ಸಿಹಿದ್ದು ಹ್ಯಾಂಗ ಮಾಡೂದ್ರಿ?" ಎಂದು ಕಾಕಿ ನನ್ನ ಸೀರೆ ಮಡಿಚುತ್ತ ಕೇಳಿದರು.

"ಊಟ ಮುಗೀಲಿ. ಮಾತು ಕೂಡಿದ್ರ ಕಡೀಗೆ ತರಸೂಣು," ಎಂದರು ಕಾಕಾ. "ಅವತ್ತ ಒಂದಿನ ನಾ ಅಡ್ಡ ಬರೂದಿಲ್ಲ."

ಚಾಂದವಡ್

ನೇರ ಬಸ್ಸು ಬಿಟ್ಟು ನಾವು ಚಾಂದವಡ್ ಮೇಲೆ ಹೋದೆವು. ಕಾಕಾ ಮೊದಲು ಅಲ್ಲಿಯ ಶಾಖೆಗೂ ವಾರಕ್ಕೆರಡು ದಿನ ಹೋಗುತ್ತಿದ್ದರು. ಅಲ್ಲಿ ಯಾರಿಗೋ ಒಂದು ಲಕೋಟೆ ಕೊಡಬೇಕಿತ್ತು. ಊರಿಗೆ ಎರಡು ಮೈಲಿ ಇರುವಾಗಲೇ ಈರುಳ್ಳಿಯ ವಾಸನೆ ಬರುತ್ತದೆ. ರಸ್ತೆಯ ಪಕ್ಕದಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತವೆ, ಟ್ರಾಲಿಯ ತುಂಬ ಈರುಳ್ಳಿ, ಅದರ ಮೇಲೆ ಮಲಗಿ ನಿದ್ದೆ ಮಾಡುವ ಗಂಡಸರು.

ಲಕೋಟೆ ತೆಗೆದುಕೊಂಡ ಮನುಷ್ಯ ಮಗಳಿಗೆ ಹೆರಿಗೆಯಾಯಿತೆಂದು ಮೂವರ ಕೈಗೂ ಪೇಢೆ ಕೊಟ್ಟ. ಕಾಕಾ ತಿಂದರು. ಕಾಕಿ ಅವರನ್ನೇ ನೋಡಿದರು.

"ಇದು ನಾವು ತರಿಸಿದ್ದಲ್ಲಲ್ಲ," ಎಂದರು ಕಾಕಾ. "ಕೊಟ್ಟದ್ದು ಬ್ಯಾರೆ, ತರಿಸಿದ್ದು ಬ್ಯಾರೆ."

ಮುಂದಿನ ಬಸ್ಸಿನಲ್ಲಿ ನಮ್ಮ ಸಾಮಾನನ್ನು ಮೇಲೆ ಹಾಕಿದರು. ನನ್ನ ಚೀಲದ ಮೇಲೆ ಒಂದು ಈರುಳ್ಳಿ ಮೂಟೆ ಬಂತು. ಅದು ಔರಂಗಾಬಾದಿನವರೆಗೂ ಅಲ್ಲೇ ಕುಳಿತು ಬಂದಿತು. ಬಸ್ಸಿನೊಳಗೆ ನನ್ನ ಪಕ್ಕದಲ್ಲಿ ಕುಳಿತ ಹೆಂಗಸು ನಾನು ಯಾವ ಊರಿನವಳು, ಎಷ್ಟು ಓದಿದ್ದೇನೆ, ಯಾವಾಗ ಮದುವೆ ಎಂದು ಮೂರು ಪ್ರಶ್ನೆ ಕೇಳಿದರು. ನಮ್ಮ ಕಡೆಯ ಬಸ್ಸಿನಲ್ಲೂ ಇವೇ ಮೂರನ್ನು ಇದೇ ಕ್ರಮದಲ್ಲಿ ಕೇಳುತ್ತಾರೆ. ನಾನು ಮೊದಲ ಎರಡಕ್ಕೆ ಉತ್ತರ ಕೊಟ್ಟೆ.

ಲಾಡ್ಜಿನಲ್ಲಿ ಚೀಲ ಬಿಚ್ಚಿದಾಗ ಕಾಕಿ ಮೂಗು ಮುಚ್ಚಿಕೊಂಡರು. ಭಾನುವಾರಕ್ಕೆಂದು ಇಟ್ಟಿದ್ದ ಹಸಿರು ರೇಷ್ಮೆ ಸೀರೆ ಪದರ ಪದರವೂ ಈರುಳ್ಳಿಯಾಗಿತ್ತು.

"ನೋಡ್ರಿ, ನೋಡ್ರಿ! ನಿಮ್ಮ ಲಕೋಟಿ ಸಲುವಾಗಿ ಹುಡುಗಿ ಸೀರಿ ಉಳ್ಳಾಗಡ್ಡಿ ನಾತ ಹೊಡೀಲಾಕತ್ತದ. ಅವರು ಹುಡುಗಿ ನೋಡ್ತಾರೋ ಭಜಿ ನೋಡ್ತಾರೋ?"

"ಗಾಳಿಗೆ ಹಾಕು, ಹೋಗ್ತದ."

ಕಾಕಿ ಅದನ್ನು ಬಾಲ್ಕನಿಯ ಕಂಬಿಯ ಮೇಲೆ ಹರಡಿದರು. ಕೆಳಗೆ ರಸ್ತೆಯಲ್ಲಿ ಟಾಂಗಾದವನೊಬ್ಬ ಇನ್ನೊಬ್ಬನಿಗೆ "ನಕ್ಕೋ ಮಿಯಾ, ಕಾಯ್ಕು ಜಾತೆ" ಎಂದ. ಬೇಡಪ್ಪಾ, ಯಾಕೆ ಹೋಗುತ್ತೀ ಎಂದು. ಅದು ನಮ್ಮ ಕಲಬುರ್ಗಿಯ ಸ್ಟೇಶನ್ ರಸ್ತೆಯ ಮಾತೇ. ಒಂದು ಕಾಲಕ್ಕೆ ಎರಡೂ ಊರುಗಳು ನಿಜಾಮನ ಕೈಕೆಳಗೆ ಇದ್ದವು. ಆಡಳಿತ ಹೋದರೂ ಮಾತು ಉಳಿದಿದೆ. ನಾಸಿಕ್‌ನಲ್ಲಿ ನಾನು ಪರಸ್ಥಳದವಳಾಗಿದ್ದೆ. ಇಲ್ಲಿ ಕಣ್ಣು ಮುಚ್ಚಿಕೊಂಡರೆ ಮನೆಯಲ್ಲಿದ್ದ ಹಾಗಿತ್ತು. ಇಲ್ಲಿ ಬದುಕಲು ಆದೀತೇ ಎಂದು ಯೋಚಿಸಿದೆ. ಆದೀತು ಎನಿಸಿತು. ರಾಯಚೂರಿನ ಕಾಗದವನ್ನು ತೆಗೆದು ಮೂಸಿದೆ. ಅದಕ್ಕೂ ಈರುಳ್ಳಿಯ ವಾಸನೆ ಬಂದಿತ್ತು.

ದೌಲತಾಬಾದ್

ಊಟ ಒಂದು ಗಂಟೆಗೆ. ಬೆಳಗಿನ ಹೊತ್ತು ಖಾಲಿ ಇದೆಯೆಂದು ಕಾಕಾ ಕೋಟೆ ನೋಡಿ ಬರೋಣ ಎಂದರು.

"ಬಿಸಲಾಗ ಅಡ್ಡಾಡಿಸಿ ಮಾರಿ ಕಪ್ಪ ಮಾಡಿಕೊಂಡು ಬರ್ರಿ," ಎಂದ ಕಾಕಿ ಕೋಟೆಯ ಬಾಗಿಲಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ನಾನು ತಲೆಯ ಮೇಲೆ ಸೆರಗು ಹೊದ್ದುಕೊಂಡು ಕಾಕಾನ ಹಿಂದೆ ಹತ್ತಿದೆ.

ದೌಲತಾಬಾದಿನ ಕೋಟೆಯಲ್ಲಿ ಬಂಡೆ ಕೊರೆದು ಮಾಡಿದ ಒಂದು ಕತ್ತಲ ದಾರಿ ಇದೆ. ಶತ್ರುಗಳು ದಿಕ್ಕು ತಪ್ಪಲಿ ಎಂದು ಕಟ್ಟಿದ್ದು. ದೊಂದಿ ಹಿಡಿದ ಮನುಷ್ಯ ಮುಂದೆ ಹೋಗುತ್ತ, ಇಲ್ಲಿ ಬಿಸಿ ಎಣ್ಣೆ ಸುರಿಯುತ್ತಿದ್ದರು, ಇಲ್ಲಿಂದ ಕೆಳಗೆ ಬೀಳುತ್ತಿದ್ದರು ಎಂದು ಬೇಸರದ ದನಿಯಲ್ಲಿ ಹೇಳುತ್ತಿದ್ದ. ಅವನು ಬೀಳುತ್ತಿದ್ದರು ಎಂದ ಜಾಗದಲ್ಲೇ ನನ್ನ ಬಲಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತಿತು. ಉಳಿದ ಕೋಟೆಯನ್ನು ಚಪ್ಪಲಿ ಕೈಯಲ್ಲಿ ಹಿಡಿದು ನೋಡಿದೆ. ಬಾಗಿಲ ಹತ್ತಿರ ಒಬ್ಬ ಮೋಚಿ ಸಿಕ್ಕಿ ಹೊಲಿದುಕೊಟ್ಟ. ಕಂದು ಚಪ್ಪಲಿಗೆ ಕಪ್ಪು ದಾರ. ಅವನಲ್ಲಿ ಬೇರೆ ದಾರ ಇರಲಿಲ್ಲ.

ಕಾಕಿ ಕುಳಿತಲ್ಲೇ ಒಬ್ಬ ಸೀತಾಫಲ ಮಾರುವವಳ ಸ್ನೇಹ ಬೆಳೆಸಿದ್ದರು. ಆ ಕಡೆಯ ಗುಡ್ಡಗಳಲ್ಲಿ ಸೀತಾಫಲ ತಾನಾಗಿ ಬೆಳೆಯುತ್ತದೆ. ಅಕ್ಟೋಬರಿನಲ್ಲಿ ರಸ್ತೆಯ ಎರಡೂ ಬದಿಗೆ ಬುಟ್ಟಿಗಳು. "ಇಲ್ಲೇ ತಿನ್ರಿ ಬಾಯಿ, ಊರು ಮುಟ್ಟೋದರೊಳಗ ಒಡೀತಾವ" ಎಂದು ಆಕೆ ಮರಾಠಿಯಲ್ಲಿ ಹೇಳಿದಳಂತೆ. ಕಾಕಿ ಎರಡು ಮುಗಿಸಿದ್ದರು.

ಕಾಕಾಗೆ ಬಹಳ ಸಂತೋಷವಾಯಿತು. "ನೋಡು, ಇದು ಸಿಹಿ ಅಂದ್ರ. ಕೈಯಾಡಿಸೂದಿಲ್ಲ, ಕಾಯಿಸೂದಿಲ್ಲ. ಹೋಟೆಲಿನವನ ಹಂಗಿಲ್ಲ."

"ಹಣ್ಣು ಸಿಹಿ ಅಲ್ಲರಿ," ಎಂದರು ಕಾಕಿ ಬೀಜ ಉಗುಳುತ್ತ. "ಹಣ್ಣು ಹಣ್ಣೇ. ಸಿಹಿ ಅಂದ್ರ ಯಾರರೇ ನಮ್ಮ ಸಲುವಾಗಿ ಮಾಡಿರಬೇಕು."

ಈ ವಾದದಲ್ಲಿ ನಾನು ಯಾರ ಪಕ್ಷವೆಂದು ಅಲ್ಲಿಯವರೆಗೆ ನಿರ್ಧರಿಸಿರಲಿಲ್ಲ. ಆ ಮಾತು ಕೇಳಿದ ಮೇಲೆ ಕಾಕಿಯ ಪಕ್ಷಕ್ಕೆ ಹೋದೆ. ಹೇಳಲಿಲ್ಲ.

ಔರಂಗಾಬಾದ್

ಹುಡುಗನ ಕಡೆಯಿಂದ ಮೂವರು ಬಂದಿದ್ದರು. ತಾಯಿ, ಹುಡುಗ, ಅವನ ತಂಗಿ. ತಂದೆ ಇಲ್ಲ. ತಾಯಿ ಎತ್ತರದ, ನೇರ ಬೆನ್ನಿನ ಹೆಂಗಸು. ಇಪ್ಪತ್ತು ವರ್ಷ ಇಲ್ಲಿದ್ದರೂ ಬೀದರಿನ ಮಾತು ಬಿಟ್ಟಿರಲಿಲ್ಲ. ತಂಗಿ ಇಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿಗೆ ಹೊಸದಾಗಿ ಸೇರಿದ್ದಳು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತಿತ್ತು. ಹುಡುಗನ ಹೆಸರು ಇಲ್ಲಿ ಬೇಡ. ಕನ್ನಡಕ ಹಾಕಿದ್ದ, ನಮಸ್ಕಾರ ಮಾಡಿದ, ಕುಳಿತ.

ತಾಯಿ ಆ ಹೋಟೆಲನ್ನು ಆರಿಸಿದ್ದು ಶುದ್ಧ ಶಾಕಾಹಾರಿ ಎಂಬ ಒಂದೇ ಕಾರಣಕ್ಕೆ. ಒಳಗೆ ಹೇಗೆ ಬಡಿಸುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. ಅವರು ಹೊರಗೆ ಊಟ ಮಾಡುವವರಲ್ಲ. ಸಿಹಿಯ ಭಯಕ್ಕೆ ಥಾಲಿ ಹೋಟೆಲುಗಳನ್ನು ದೂರವಿಟ್ಟಿದ್ದ ಕಾಕಾಗೂ ಗೊತ್ತಿರಲಿಲ್ಲ. ನಾವು ಕುಳಿತದ್ದೇ ತಡ, ಬಿಳಿ ಟೋಪಿಯ ಮುದುಕನೊಬ್ಬ ಬಕೆಟ್ಟು ಹಿಡಿದು ಬಂದ. ಅಲ್ಲಿ ಬಡಿಸುವವರನ್ನು ಮಹಾರಾಜ್ ಎಂದು ಕರೆಯುತ್ತಾರೆ. ಉಪ್ಪು, ಲಿಂಬೆ, ಚಟ್ನಿಗಿಂತ ಮೊದಲು, ಯಾರನ್ನೂ ಏನೂ ಕೇಳದೆ, ಆರೂ ತಟ್ಟೆಯ ಮೊದಲ ವಾಟಿಗೆ ಅವನು ಬಿಸಿ ಬಾಸುಂದಿ ಸುರಿದ.

ಕಾಕಿ ಕಾಕಾನನ್ನು ನೋಡಿದರು. ಹುಡುಗನ ತಾಯಿ ತನ್ನ ಮಕ್ಕಳನ್ನು ನೋಡಿದರು. ಒಪ್ಪಿಗೆ ಮಾತಿಗಿಂತ ಮುಂಚೆ ಬಂದು ತಟ್ಟೆಯಲ್ಲಿ ಕುಳಿತುಬಿಟ್ಟಿತ್ತು.

ಪೂರಿ ಬಂತು, ಬಟಾಟೆ ಪಲ್ಯ ಬಂತು, ವರಣವೆಂಬ ತೊವ್ವೆ, ಕಢಿ, ಕೆಸುವಿನೆಲೆಯ ಪಾತ್ರಾ ಬಂದವು. ಎಲ್ಲರೂ ತಿನ್ನತೊಡಗಿದರು. ಹುಡುಗನ ತಂಗಿಯೊಬ್ಬಳು ಮಾತ್ರ ಬಾಸುಂದಿಯ ವಾಟಿಗೆ ಕೈ ಹಾಕಿದಳು.

"ಏ ಪಿಂಕೀ, ಅದು ಈಗ ಬ್ಯಾಡ," ಎಂದರು ತಾಯಿ.

"ಕಾ ಗ ಆಯೀ? ಗಾರ್ ಹೋತೇಯ್ ನಾ!" ತಣ್ಣಗಾಗುತ್ತದಲ್ಲ, ಯಾಕೆ ಎಂದು.

"ಆಮ್ಯಾಲ ಹೇಳ್ತೀನಿ."

ಮಹಾರಾಜ್ ಎರಡು ಸಲ ಬಂದು ಬಗ್ಗಿ ನೋಡಿ ಹೋದ. ಮೂರನೆಯ ಸಲ, "ಖಾಕೇ ತೋ ದೇಖೋ. ಆಜ್ ಕಾ ದೂಧ್ ಹೈ" ಎಂದ. ತಿಂದಾದರೂ ನೋಡಿ, ಇವತ್ತಿನ ಹಾಲು ಎಂದು. ನಿನ್ನೆ ಮಾಡಿಟ್ಟದ್ದೆಂಬ ಕಾಕಾನ ವಾದ ಅಲ್ಲಿಗೆ ಬಿತ್ತು. ಆದರೆ ಅದನ್ನು ಆನಂದಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ತಾಯಿ ನನ್ನನ್ನು ಕೇಳಬೇಕಾದದ್ದನ್ನೆಲ್ಲ ಕಾಕಿಯನ್ನು ಕೇಳಿದರು. ನಡುವೆ ಒಂದು ಸಲ ಮೇಜಿನ ಕೆಳಗೆ ನನ್ನ ಕಾಲು ನೋಡಿದರು. ನಾನು ಕಪ್ಪು ದಾರದ ಪಾದವನ್ನು ಇನ್ನೊಂದರ ಹಿಂದೆ ಇಟ್ಟುಕೊಂಡೆ. ಕೊನೆಗೆ ಕಾಕಾ ಕೆಮ್ಮಿ, "ಅಕ್ಕಾರ, ನಮ್ಮ ಹುಡುಗಿಗೆ ರಾಯಚೂರಾಗ ಕಾಲೇಜಿನ ನೌಕರಿ ಆಗ್ಯಾದ. ಆರ್ಡರ್ ಬಂದದ," ಎಂದರು.

"ಛಲೋ ಆತಲ್ಲ ಅಣ್ಣಾರ," ಎಂದರು ತಾಯಿ. "ಆದ್ರ ರಾಯಚೂರ ಎಲ್ಲಿ, ಇದೆಲ್ಲಿ. ನೌಕರಿದ್ದು ಆಮ್ಯಾಲ ನೋಡೂಣು. ಇಲ್ಲೇನು ಕಾಲೇಜಿಲ್ಲೇನು?"

ಹುಡುಗ ತಲೆ ಎತ್ತಿದ. ಏನೋ ಹೇಳುತ್ತಾನೆ ಎಂದುಕೊಂಡೆ. ನೀರು ಕುಡಿದ.

ನನಗೆ ಬೇಕಾಗಿದ್ದದ್ದು ಒಂದೇ: ಆ ಆಮೇಲೆ ಎಂದರೆ ಯಾವಾಗ ಎಂದು ಯಾರಾದರೂ ಕೇಳಬೇಕು. ಕಾಕಾ ಕೇಳಬಹುದಿತ್ತು. ಅದರ ಬದಲು ಅವರು ಗಾಬರಿಯಲ್ಲಿ ತಮ್ಮ ವರ್ಗಾವಣೆಗಳ ಕಥೆ ಹಿಡಿದರು. ಬೀದರ, ಲಾತೂರ, ನಾಸಿಕ್. ಕೈಯಲ್ಲಿ ಪೂರಿಯ ತುಂಡು, ಕಣ್ಣು ಹುಡುಗನ ತಾಯಿಯ ಮುಖದ ಮೇಲೆ. ಮಾತು ಹರಿಯುತ್ತಿದ್ದ ಹಾಗೇ ಪೂರಿಯನ್ನು ವಾಟಿಯಲ್ಲಿ ಅದ್ದಿದರು. ನಾನು ನೋಡಿದೆ. ವರಣದ ವಾಟಿ ಅಲ್ಲ, ಅದರ ಪಕ್ಕದ್ದು. ಕೆನೆ ಹರಿದು ಪೂರಿಗೆ ಅಂಟಿಕೊಂಡು ಬಂತು. ಬಾಯಿಗೆ ಹಾಕಿಕೊಂಡರು. ಎರಡು ಸಲ ಅಗಿದು ನಿಲ್ಲಿಸಿದರು.



"ಬಾಯಿ ಸಿಹಿ ಮಾಡಿಕೊಂಡೇಬಿಟ್ರಲ್ಲ ಅಣ್ಣಾರ!" ಎಂದರು ಹುಡುಗನ ತಾಯಿ. ಮುಖ ತುಂಬ ನಗು. "ಹಿರೇರು ನೀವು ಹೂಂ ಅಂದ ಮ್ಯಾಲ ಇನ್ನೇನು." ತಮ್ಮ ವಾಟಿಯನ್ನು ಎತ್ತಿಕೊಂಡು ಒಂದು ಚಮಚ ತಿಂದರು.

ಕಾಕಾ ನುಂಗಿದರು. ತಪ್ಪಿ ತಿಂದೆ ಎಂದು ಈಗ ಹೇಳಿದರೆ ನಿಮ್ಮ ಮನೆತನ ಬೇಡ ಎಂದ ಹಾಗೆ. ಸುಮ್ಮನಿದ್ದರೆ ಬೇಕು ಎಂದ ಹಾಗೆ. ಅವರು ನಕ್ಕರು. ಪಿಂಕಿ "ಆತಾ ಖಾಊ ಕಾ?", ಈಗ ತಿನ್ನಲಾ, ಎಂದು ಕೇಳುತ್ತಲೇ ಅರ್ಧ ಮುಗಿಸಿದಳು. ಕಾಕಿ ಗಂಡನ ಕಡೆ ಒಂದು ನೋಟ ಬೀರಿದರು. ಆಮೇಲೆ ವಾಟಿಯನ್ನು ಹತ್ತಿರ ಎಳೆದುಕೊಂಡು, ನಾಲ್ಕು ವರ್ಷ ಕಾದವರ ಗಮನದಿಂದ, ಯಾರನ್ನೂ ನೋಡದೆ ತಿಂದರು.

ಎರಡು ವಾಟಿಗಳು ಉಳಿದವು. ನನ್ನದು ಒಂದು. ಎರಡನೆಯದು ಎದುರಿಗೆ ಇತ್ತು, ಹುಡುಗನದು.

"ತಿನ್ನು ಯವ್ವಾ," ಎಂದರು ಅವನ ತಾಯಿ.

"ಸಾಕಾತ್ರಿ," ಎಂದೆ. ಅದು ಸುಳ್ಳು. ನನಗೆ ಬಾಸುಂದಿ ಇಷ್ಟ.

"ನೀ ಯಾಕೋ?" ಎಂದರು ಮಗನಿಗೆ.

"ನನಗೂ ಸಾಕವ್ವಾ."

ಕೈ ತೊಳೆಯುವ ಜಾಗದಲ್ಲಿ ಎರಡು ನಲ್ಲಿಗಳಿದ್ದವು. ಅವನು ಒಂದನ್ನು ತಿರುಗಿಸಿದ, ನಾನು ಇನ್ನೊಂದನ್ನು. ಆ ದಿನ ನಾವಿಬ್ಬರೇ ಇದ್ದದ್ದು ಅಷ್ಟು ಹೊತ್ತು.

"ನೀವು ಯಾಕ ತಿನ್ನಲಿಲ್ಲ?" ಎಂದು ಕೇಳಿದೆ.

"ನಿಮ್ಮ ವಾಟಿ ಹಾಂಗೇ ಇತ್ತಲ್ರಿ." ಸೋಪನ್ನು ನನ್ನ ಕಡೆ ಸರಿಸಿದ. "ಒಂದು ಮಾತು ಹೇಳ್ತೀನಿ. ನಮ್ಮವ್ವ ಆಮ್ಯಾಲ ನೋಡೂಣು ಅಂದ್ರ, ಆಮ್ಯಾಲ ನೋಡೂದಿಲ್ಲ. ನಿಮಗ ಗೊತ್ತಿರ್ಲಿ ಅಂತ."

"ನೀವು ನೋಡ್ತೀರೇನು?"

ಅವನು ನಲ್ಲಿ ನಿಲ್ಲಿಸಿ ಯೋಚಿಸಿದ. "ಆಕಿ ಮುಂದ ನಾ ಇನ್ನೂ ಹಾಂಗ ಬಾಯಿ ಬಿಟ್ಟು ನೋಡಿಲ್ರಿ. ಸುಳ್ಳ ಯಾಕ ಹೇಳ್ಲಿ."

ಹಿಂದಿನಿಂದ ಪಿಂಕಿ ಬಂದಳು. ನಾವು ಕೈ ಒರೆಸಿಕೊಂಡೆವು.

ಹೊರಗೆ ಬರುವಾಗ ಮಹಾರಾಜ್ ಎರಡು ತುಂಬಿದ ವಾಟಿಗಳನ್ನು ಒಳಗೆ ಒಯ್ಯುತ್ತಿದ್ದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ತನ್ನ ಕೆಲಸದಲ್ಲಿ ಏನು ಕೊರತೆಯಾಯಿತು ಎಂದು ತಿಳಿಯದವನ ಮುಖ ಅದು.

ಲಾಡ್ಜಿಗೆ ಮರಳಿದ ಮೇಲೆ ಕಾಕಾ ಮಂಚದ ತುದಿಯಲ್ಲಿ ಕುಳಿತರು. "ವರಣ ಅಂತ ತಿಳಿದೆ," ಎಂದರು.

"ನಾಲ್ಕು ವರ್ಷ ಹೋಟೆಲಿನ್ಯಾಗ ಸಿಹಿ ಬ್ಯಾಡ, ಸಿಹಿ ಬ್ಯಾಡ ಅಂದ್ರಿ," ಎಂದರು ಕಾಕಿ. "ತಿಂದ್ರಿ ನೋಡ್ರಿ ಒಮ್ಮೆ, ಹುಡುಗಿ ಮದವೀನೇ ತಿಂದ್ರಿ."

"ಹುಡುಗ ಕೆಟ್ಟಾಂವ ಅಲ್ಲಲ್ಲ. ಆದದ್ದು ಛಲೋನೇ ಆತು. ನಾಳಿ ಮುಂಜಾನೆ ಅಣ್ಣಗ ಫೋನ್ ಮಾಡಿ ಕೂಡಿತು ಅಂತ ಹೇಳಿಬಿಡ್ತೀನಿ."

"ನಾ ತಿಂದಿಲ್ಲ ಕಾಕಾ," ಎಂದೆ.

"ಹಿರೇರು ತಿಂದ್ರ ಆತಲ್ಲವಾ."

ಹುಡುಗ ಕೆಟ್ಟವನಲ್ಲ ಎಂಬುದು ನಿಜ. ಆ ಮೇಜಿನಲ್ಲಿ ನನ್ನ ವಾಟಿಯನ್ನು ನೋಡಿದವನು ಅವನೊಬ್ಬನೇ. ಆದರೆ ಅವನು ಆಡದ ಮಾತನ್ನು ನಂಬಿ ನಾನು ರಾಯಚೂರಿನ ಕಾಗದವನ್ನು ಹರಿಯುವಂತಿರಲಿಲ್ಲ. ಅವನೇ ನಂಬಬೇಡಿ ಎಂದಿದ್ದ.

ಮರುದಿನ ಬೆಳಿಗ್ಗೆ

ಹತ್ತು ಗಂಟೆಗೆ ಕಾಕಾ ಎಸ್.ಟಿ.ಡಿ. ಬೂತಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಪ್ಪನ ಕಚೇರಿಯ ನಂಬರು ಮೂರನೆಯ ಸಲಕ್ಕೆ ಸಿಕ್ಕಿತು. ಕಾಕಾ "ಅಣ್ಣಾ..." ಎನ್ನುವಷ್ಟರಲ್ಲಿ ನಾನು ಕೈ ಚಾಚಿದೆ. ಅವರು ಒಂದು ಕ್ಷಣ ನನ್ನ ಕೈ ನೋಡಿ, ರಿಸೀವರ್ ಕೊಟ್ಟರು. ಗಾಜಿನ ಬಾಗಿಲ ಹೊರಗೆ ಹೋಗಿ ನಿಂತರು.

"ಅಪ್ಪಾ, ನಾನು," ಎಂದೆ. "ಹುಡುಗ ಛಲೋ ಇದ್ದಾನ. ಸಿಹಿ ಇನ್ನೂ ಆಗಿಲ್ಲ."

"ಅಂದ್ರ?"

"ನಾ ರಜಾ ಮುಗಿದ ದಿನ ರಾಯಚೂರಿಗೆ ಹಾಜರಾಗ್ತೀನಿ. ಅದಕ್ಕ ಅವರು ಒಪ್ಪಿದ್ರ, ಬ್ಯಾಸಿಗ್ಯಾಗ ಕಲಬುರ್ಗಿಗೆ ಬರ್ಲಿ. ಹುಡುಗನೇ ಬಾಯಿ ಬಿಟ್ಟು ಹೇಳಬೇಕು. ಅವತ್ತ ನಾನೇ ಸಿಹಿ ಮಾಡ್ತೀನಿ."

"ನಿನ್ನ ಕಾಕಾ ಏನಂತಾನ?"

ಗಾಜಿನ ಹೊರಗೆ ಕಾಕಾ ತಮ್ಮ ಕೈಬೆರಳುಗಳನ್ನು ನೋಡುತ್ತ ನಿಂತಿದ್ದರು. "ಕಾಕಾ ಏನೂ ಅನ್ನೂದಿಲ್ಲ," ಎಂದೆ.

"ಆತು," ಎಂದರು ಅಪ್ಪ. ಈ ಸಲ ಆಮೇಲೆ ನೋಡೋಣ ಎನ್ನಲಿಲ್ಲ.

ಅವರ ಮನೆಗೆ ಹೇಳುವ ಕೆಲಸವನ್ನು ಕಾಕಾ ತಾವೇ ವಹಿಸಿಕೊಂಡರು. "ನಾ ತಿಂದದ್ದು, ನಾನೇ ಹೇಳಿ ಬರ್ತೀನಿ," ಎಂದು ಆಟೋ ಹತ್ತಿದರು. ಬಸ್ಸು ಒಂದೂವರೆಗೆ. ನಾನು ಲಾಡ್ಜಿಗೆ ಮರಳಿ, ಕೈಚೀಲ ತೆಗೆದುಕೊಂಡೆ.

"ಎಲ್ಲಿಗೆ?" ಎಂದರು ಕಾಕಿ. ಸಾಮಾನು ಕಟ್ಟುತ್ತಿದ್ದರು.

"ಹೋಟೆಲಿಗೆ."

"ಒಬ್ಬಾಕೀನ?"

"ಹೌದು."

ಕಾಕಿ ನನ್ನ ಮುಖ ನೋಡಿದರು, ಆಮೇಲೆ ಕಪ್ಪು ದಾರದ ಚಪ್ಪಲಿ ನೋಡಿದರು. ಮಂಚದ ಕೆಳಗಿಂದ ತಮ್ಮ ಚಪ್ಪಲಿಗಳನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದರು.

ಊಟ ಆಗ ತಾನೇ ಶುರುವಾಗಿತ್ತು. ಅಲ್ಲೂ ಇದ್ದ ಪರದೆಯ ರೂಮಿಗೆ ಹೋಗದೆ, ಎಲ್ಲರೂ ಕೂರುವ ಕಡೆಯೇ, ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತೆ. ಮಹಾರಾಜ್ ತಟ್ಟೆ ತಂದಿಟ್ಟು ನನ್ನನ್ನು ಗುರುತಿಸಿದ.

"ಕಲ್ ಕಾಹೇಕೋ ಛೋಡಾ, ಬೇಟೀ? ಖರಾಬ್ ಥಾ?" ನಿನ್ನೆ ಯಾಕೆ ಬಿಟ್ಟೆ ಮಗಳೇ, ಕೆಟ್ಟಿತ್ತೇ ಎಂದು.

"ನಹೀಂ," ಎಂದೆ. "ಕಲ್ ಬಾತೇಂ ಬಹುತ್ ಥೀಂ." ನಿನ್ನೆ ಮಾತು ಬಹಳ ಇತ್ತು ಎಂದು.

ಅವನು ತಲೆಯಾಡಿಸಿ ಬಕೆಟ್ಟು ತಂದ. ಅಂದು ಚಾರೋಳಿ ಎಷ್ಟಿತ್ತೋ ಎಣಿಸಲಿಲ್ಲ, ಗಡಿಯಾರವನ್ನೂ ನೋಡಲಿಲ್ಲ. ಪೂರಿ ಬರುವುದಕ್ಕೂ ಕಾಯಲಿಲ್ಲ. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು, ಉಳಿದಂತೆ ಚೆನ್ನಾಗಿತ್ತು. ಕೆನೆ ಕಟ್ಟುವ ಮೊದಲೇ ವಾಟಿ ಖಾಲಿಯಾಯಿತು. ಅವನು ಮತ್ತೆ ಈ ಕಡೆ ಬಂದಾಗ ಅದನ್ನು ಮುಂದೆ ಹಿಡಿದೆ.